ಬೆಲೆಮ್‌ನ ಅಂಕಿ, ರಾಮದುರ್ಗದ ಪಂಚನಾಮೆ: ನಮ್ಮ ಸಂಸದರಿಗೆ, ಶಾಸಕರಿಗೆ ಬಹಿರಂಗ ಪತ್ರ

ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ, ವಿಜಯಪುರ ಲೋಕಸಭಾ ಕ್ಷೇತ್ರಗಳ ಸದಸ್ಯರಿಗೆ ಹಾಗೂ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಾಸಕರಿಗೆ,

ಮಾನ್ಯರೇ,

2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ 30ನೇ ಹವಾಮಾನ ಸಮ್ಮೇಳನದ ನಿರ್ಣಯಗಳನ್ನು ನೀವು ಓದಿರಲಿಕ್ಕಿಲ್ಲ. ತಪ್ಪೇನಿಲ್ಲ, ಆ ಕಾಗದಗಳ ಭಾಷೆ ಅದನ್ನೇ ಕಸುಬು ಮಾಡಿಕೊಂಡವರಿಗೂ ತಲೆನೋವು. ಆದರೆ ಅವುಗಳಲ್ಲಿನ ಕೆಲವು ಸಾಲುಗಳು ಮಲಪ್ರಭೆ ದಂಡೆಯ ಮನೆಗಳಿಗೆ, ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆ ತೋಟಗಳಿಗೆ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ (ಲೋಹ ಎರಕದ ಕಾರ್ಖಾನೆಗಳಿಗೆ) ನೇರವಾಗಿ ತಟ್ಟುತ್ತವೆ. ಹವಾಮಾನ, ನೀರಾವರಿ, ಕೈಗಾರಿಕೆಗಳ ಕೆಲಸದಲ್ಲಿರುವ ನಾವು ಕೆಲವರು ಕೂಡಿ ಈ ಪತ್ರ ಬರೆಯುತ್ತಿದ್ದೇವೆ.

ಹೇಳುವುದನ್ನು ಮೊದಲೇ ಹೇಳಿಬಿಡುತ್ತೇವೆ. ಗುರಿ ಬರೆಯುವುದರಲ್ಲಿ ಜಗತ್ತು ಸಾಕಷ್ಟು ಮುಂದೆ ಬಂದಿದೆ. ಗುರಿಗೆ ಬೇಕಾದ ರೊಕ್ಕ ಕೆಳಗಿಳಿಸುವುದರಲ್ಲಿ, ಆದ ಹಾನಿಯ ಲೆಕ್ಕ ಇಡುವುದರಲ್ಲಿ ಹಿಂದೆ ಬಿದ್ದಿದೆ. ಇವೇ ಎರಡು ಕೊರತೆಗಳು ದಿಲ್ಲಿ, ಬೆಂಗಳೂರು ಮತ್ತು ನಮ್ಮ ಜಿಲ್ಲೆಗಳ ನಡುವೆಯೂ ಇವೆ. ಮೊದಲನೆಯದು ನಿಮ್ಮೊಬ್ಬರ ಕೈಯಲ್ಲಿಲ್ಲ. ಎರಡನೆಯದನ್ನು ಯಾವ ದೇಶದ ಒಪ್ಪಿಗೆಯೂ ಇಲ್ಲದೆ ಇಲ್ಲಿಯೇ ಸರಿಪಡಿಸಬಹುದು.

ಆದ ಕೆಲಸವನ್ನು ಆಗಿದೆ ಎನ್ನಬೇಕು. 2015ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಒಪ್ಪಂದ ಆಗುವ ಮುಂಚೆ ಈ ಶತಮಾನದ ಕೊನೆಗೆ ಭೂಮಿ 4 ಡಿಗ್ರಿಯಷ್ಟು ಕಾಯಬಹುದೆಂಬ ಅಂದಾಜಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2025ರ ವರದಿ ಹೇಳುವಂತೆ, ಎಲ್ಲ ದೇಶಗಳೂ ಕೊಟ್ಟ ಮಾತು ಉಳಿಸಿಕೊಂಡರೆ ಏರಿಕೆ 2.3ರಿಂದ 2.5 ಡಿಗ್ರಿ. ಬರೀ ಈಗ ಜಾರಿಯಲ್ಲಿರುವ ನೀತಿಗಳನ್ನು ನೆಚ್ಚಿದರೆ 2.8. ಒಂದು ವರ್ಷದ ಹಿಂದೆ ಇದೇ ಅಂಕಿಗಳು 2.6ರಿಂದ 2.8 ಮತ್ತು 3.1 ಇದ್ದವು. ಸುಧಾರಣೆ ಕಂಡು ಹಿಗ್ಗುವ ಮೊದಲು ಅದೇ ವರದಿಯ ಇನ್ನೊಂದು ಮಾತನ್ನೂ ಓದಬೇಕು: ಈ ಇಳಿಕೆಯಲ್ಲಿ 0.1 ಡಿಗ್ರಿ ಬಂದದ್ದು ಲೆಕ್ಕದ ವಿಧಾನ ಬದಲಾದದ್ದರಿಂದ. ಅಮೆರಿಕ ಒಪ್ಪಂದದಿಂದ ಹೊರಬೀಳುವುದು ಇನ್ನೊಂದು 0.1 ಡಿಗ್ರಿಯನ್ನು ನುಂಗುತ್ತದೆ. 2024ರಲ್ಲಿ ಜಗತ್ತು ಹೊರಬಿಟ್ಟ ಹಸಿರುಮನೆ ಅನಿಲ 5,770 ಕೋಟಿ ಟನ್. ಹಿಂದಿನ ವರ್ಷಕ್ಕಿಂತ ಶೇ 2.3 ಹೆಚ್ಚು. ಗ್ರಾಫು ಇನ್ನೂ ಇಳಿಮುಖವಾಗಿಲ್ಲ.

ನಿರ್ಣಯಗಳು ಯಾಕೆ ಇಷ್ಟು ನೀರುನೀರಾಗಿ ಬರುತ್ತವೆ ಎಂದು ಕೇಳುವವರಿಗೆ ಒಂದು ತಾಂತ್ರಿಕ ಕಾರಣವಿದೆ. 1992ರ ಹವಾಮಾನ ಒಡಂಬಡಿಕೆಯ ಸಭಾ ನಿಯಮಗಳಲ್ಲಿ ಮತದಾನದ ನಿಯಮ ಇಂದಿಗೂ ಅಂಗೀಕಾರವಾಗಿಲ್ಲ. ಬಹುಮತ ಎಂಬುದೇ ಇಲ್ಲದ ಕಡೆ ಎಲ್ಲರೂ ಒಪ್ಪಬೇಕು, ಒಂದೆರಡು ದೇಶ ಹಟ ಹಿಡಿದರೆ ವಾಕ್ಯವೇ ಬಿದ್ದುಹೋಗುತ್ತದೆ. 2021ರಲ್ಲಿ ಗ್ಲಾಸ್ಗೋದಲ್ಲಿ ಕಲ್ಲಿದ್ದಲನ್ನು 'ನಿಲ್ಲಿಸುವ' ಮಾತು ಕೊನೆಯ ಗಳಿಗೆಯಲ್ಲಿ 'ತಗ್ಗಿಸುವ' ಮಾತಾಯಿತು. ಅದನ್ನು ಹಿಡಿದು ಕೂತವರಲ್ಲಿ ಭಾರತವೂ ಇತ್ತು. 2023ರಲ್ಲಿ ದುಬೈನಲ್ಲಿ ಪಳೆಯುಳಿಕೆ ಇಂಧನಗಳಿಂದ ದೂರ ಸರಿಯುವ ಮಾತು ಮೊದಲ ಬಾರಿ ದಾಖಲಾಯಿತು. ಬೆಲೆಮ್‌ನಲ್ಲಿ ಅದಕ್ಕೊಂದು ಮಾರ್ಗಸೂಚಿ ಬೇಕೆಂದು ಹಲವು ದೇಶಗಳು ಕೇಳಿದವು. ಅಂತಿಮ ನಿರ್ಣಯದಲ್ಲಿ ಅದು ಬರಲೇ ಇಲ್ಲ. ಅಧ್ಯಕ್ಷತೆ ವಹಿಸಿದ್ದ ಬ್ರೆಜಿಲ್, ಸ್ವಂತ ಜವಾಬ್ದಾರಿಯ ಮೇಲೆ ಒಂದು ತಯಾರಿಸುತ್ತೇನೆ ಎಂದಿತು.

ನಮ್ಮ ದೇಶದ ಲೆಕ್ಕವನ್ನೂ ನೋಡೋಣ. 2030ರ ಹೊತ್ತಿಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಶೇ 50 ಪಳೆಯುಳಿಕೆಯೇತರ ಮೂಲಗಳದ್ದಾಗಬೇಕೆಂಬ ಗುರಿಯನ್ನು ಭಾರತ 2025ರಲ್ಲಿಯೇ ಮುಟ್ಟಿತು. ಇದು ಸಣ್ಣ ಮಾತಲ್ಲ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಒಂದು ಮೆಗಾವಾಟ್ ಸೌರ ಘಟಕ ಶೇ 20ರ ಬಳಕೆಯಲ್ಲಿ ವರ್ಷಕ್ಕೆ ಸುಮಾರು 17.5 ಲಕ್ಷ ಯುನಿಟ್ ಕೊಡುತ್ತದೆ, ಒಂದು ಮೆಗಾವಾಟ್ ಕಲ್ಲಿದ್ದಲು ಘಟಕ ಶೇ 70ರಲ್ಲಿ ಓಡಿದರೆ 61 ಲಕ್ಷ ಯುನಿಟ್. ಅದಕ್ಕೇ ದೇಶದ ವಿದ್ಯುತ್ ಉತ್ಪಾದನೆಯಲ್ಲಿ ಕಲ್ಲಿದ್ದಲಿನ ಪಾಲು ಇಂದಿಗೂ ಮುಕ್ಕಾಲಿನ ಹತ್ತಿರವಿದೆ. ಹೊತ್ತು ಮುಳುಗಿದ ಮೇಲಿನ ನಾಲ್ಕು ತಾಸಿನ ಬೇಡಿಕೆಗೆ ಬ್ಯಾಟರಿ ಇಲ್ಲವೇ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿ ಇಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ಮಾಡುವ ವ್ಯವಸ್ಥೆ) ಸಿಗುವವರೆಗೆ, ಆಲಮಟ್ಟಿಯ ನೀರು ಕುಡಿದು ಓಡುವ 2,400 ಮೆಗಾವಾಟ್‌ನ ಕೂಡಗಿ ಸ್ಥಾವರ ನಿಲ್ಲುವ ಮಾತು ಸುಳ್ಳು. 2035ರ ಹೊಸ ರಾಷ್ಟ್ರೀಯ ಗುರಿಗಳನ್ನು ಭಾರತ ಬೆಲೆಮ್ ಮುಗಿಯುವ ಹೊತ್ತಿಗೂ ಸಲ್ಲಿಸಿರಲಿಲ್ಲ ಎಂಬುದನ್ನು ಸಂಸದರು ನೆನಪಿಡಬೇಕು.

ಇನ್ನು ರೊಕ್ಕದ ಮಾತು.

2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಹೇಳಿದವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಅದೂ ಅವುಗಳದೇ ಲೆಕ್ಕದಲ್ಲಿ. ಅದರೊಳಗಿನ ಸರ್ಕಾರಿ ಹಣದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಸಾಲ. 100 ರೂಪಾಯಿ ಸಾಲ ಕೊಟ್ಟರೂ ಲೆಕ್ಕದ ಪುಸ್ತಕದಲ್ಲಿ 100 ರೂಪಾಯಿ ನೆರವು ಎಂದೇ ಬರೆಯಲಾಗುತ್ತದೆ, ಬಡ್ಡಿ ಸಮೇತ ಅದು ವಾಪಸು ಹೋಗುವುದು ಯಾವ ಪುಟದಲ್ಲೂ ಕಾಣುವುದಿಲ್ಲ. ಹವಾಮಾನ ಹಣಕಾಸು ಎಂದರೆ ಏನು ಎಂಬುದಕ್ಕೆ ಎಲ್ಲರೂ ಒಪ್ಪಿದ ವ್ಯಾಖ್ಯೆಯೇ ಇಲ್ಲದ್ದರಿಂದ ಇದು ನಡೆಯುತ್ತದೆ. 2024ರಲ್ಲಿ ಬಾಕುನಲ್ಲಿ ಅಭಿವೃದ್ಧಿಶೀಲ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದವು. ಸಿಕ್ಕಿದ್ದು 2035ರ ಹೊತ್ತಿಗೆ 30,000 ಕೋಟಿ ಡಾಲರ್‌ನ ಮಾತು, ಸರ್ಕಾರಿ-ಖಾಸಗಿ ಎಲ್ಲ ಮೂಲಗಳನ್ನೂ ಸೇರಿಸಿ. ನಿರ್ಣಯ ಅಂಗೀಕಾರವಾದ ಮೇಲೆ ಭಾರತದ ಪ್ರತಿನಿಧಿ ಎದ್ದು ನಿಂತು ಅದನ್ನು ಕಣ್ಕಟ್ಟು ಎಂದು ಕರೆದದ್ದು ಸರಿಯಾಗಿಯೇ ಇತ್ತು.

ಹವಾಮಾನಕ್ಕೆ ಹೊಂದಿಕೊಳ್ಳುವ ಕೆಲಸದ ಸ್ಥಿತಿ ಇನ್ನೂ ಕಡೆ. ಒಡ್ಡು, ಚರಂಡಿ, ಬರಕ್ಕೆ ತಾಳುವ ಬೀಜ, ಮುನ್ಸೂಚನೆ ಇತ್ಯಾದಿಗಳಿಗೆ ಅಭಿವೃದ್ಧಿಶೀಲ ದೇಶಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ 31,000ದಿಂದ 36,500 ಕೋಟಿ ಡಾಲರ್ ಬೇಕು. 2023ರಲ್ಲಿ ಹರಿದು ಬಂದದ್ದು 2,600 ಕೋಟಿ, ಅದರ ಹಿಂದಿನ ವರ್ಷಕ್ಕಿಂತ ಕಡಿಮೆ. ಬೇಕಾದದ್ದರ ಹನ್ನೆರಡರಿಂದ ಹದಿನಾಲ್ಕರಲ್ಲಿ ಒಂದು ಪಾಲು. ಬೆಲೆಮ್‌ನಲ್ಲಿ ಇದನ್ನು 2035ರೊಳಗೆ ಮೂರು ಪಟ್ಟು ಮಾಡುವ ಕರೆ ಇದೆ. ಯಾವ ವರ್ಷದ ಮೊತ್ತದ ಮೂರು ಪಟ್ಟು ಎಂದು ಬಿಡಿಸಿ ಬರೆದಿಲ್ಲ.

ದಿಲ್ಲಿಯಲ್ಲಿ ಕೂತು ಈ ಅನ್ಯಾಯವನ್ನು ಜಗತ್ತಿಗೆ ತೋರಿಸುವವರು ಇದೇ ಲೆಕ್ಕವನ್ನು ಕರ್ನಾಟಕದ ಕಡೆಯಿಂದಲೂ ನೋಡಲಿ. 2019ರ ಪ್ರವಾಹದ ಒಟ್ಟು ಹಾನಿಯನ್ನು ರಾಜ್ಯ ಸರ್ಕಾರ ಸುಮಾರು 35,000 ಕೋಟಿ ರೂಪಾಯಿ ಎಂದು ಅಂದಾಜಿಸಿತು. ವಿಪತ್ತು ನಿಧಿಯ ನಿಯಮದ ಪ್ರಕಾರ ಕೇಳಲು ಬಂದದ್ದು ಸುಮಾರು 3,800 ಕೋಟಿ. ಒಂಬತ್ತರಲ್ಲಿ ಒಂದು ಪಾಲು. 2023ರ ಬರಕ್ಕೆ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿ, ರಾಜ್ಯ 18,171 ಕೋಟಿ ಕೇಳಿತು. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಮಳೆಯಾಶ್ರಿತ ಬೆಳೆಗೆ ಆಗ ನಿಯಮದಲ್ಲಿದ್ದ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಎಕರೆಗೆ 3,400. ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಯಾವ ಪಕ್ಷ ಎಲ್ಲಿ ಅಧಿಕಾರದಲ್ಲಿತ್ತು ಎಂಬ ಚರ್ಚೆ ನಮಗೆ ಬೇಡ, ಎರಡೂ ವರ್ಷಗಳಲ್ಲಿ ರಾಜ್ಯದಲ್ಲಿ ಬೇರೆ ಬೇರೆಯವರಿದ್ದರು.

ಈಗ ಹಾನಿಯ ಲೆಕ್ಕಕ್ಕೆ ಬರೋಣ. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ.

ಹವಾಮಾನ ನಷ್ಟ ಮತ್ತು ಹಾನಿಗೆಂದೇ ಒಂದು ನಿಧಿ ಬೇಕೆಂದು 2022ರಲ್ಲಿ ಶರ್ಮ್ ಅಲ್ ಶೇಖ್‌ನಲ್ಲಿ ತೀರ್ಮಾನವಾಯಿತು, 2023ರಲ್ಲಿ ದುಬೈ ಸಮ್ಮೇಳನದ ಮೊದಲ ದಿನವೇ ಅದಕ್ಕೆ ಜೀವ ಬಂತು. ಬೆಲೆಮ್‌ನಲ್ಲಿ ಮೊದಲ ಕಂತಿಗೆ ಅರ್ಜಿ ಕರೆಯಲಾಯಿತು: ಒಟ್ಟು 25 ಕೋಟಿ ಡಾಲರ್, ಒಂದೊಂದು ಅರ್ಜಿಗೆ 50 ಲಕ್ಷದಿಂದ 2 ಕೋಟಿ ಡಾಲರ್, ಸಾಲವಲ್ಲ, ಅನುದಾನ. ಅದರಲ್ಲಿ ಕನಿಷ್ಠ ಅರ್ಧ ಸಣ್ಣ ದ್ವೀಪ ದೇಶಗಳಿಗೆ ಮತ್ತು ಅತಿ ಹಿಂದುಳಿದ ದೇಶಗಳಿಗೆ ಮೀಸಲು. ಉಳಿದರ್ಧಕ್ಕೆ ಭಾರತದಂಥ ಎಲ್ಲ ದೇಶಗಳೂ ಪೈಪೋಟಿಗೆ ಬೀಳಬೇಕು. ಅಂದರೆ ದೊಡ್ಡ ಗಂಟಿನ ಆಸೆ ಬೇಡ. ಒಂದು ಅರ್ಜಿ ಗೆದ್ದರೂ ಹೆಚ್ಚೆಂದರೆ ಸುಮಾರು 175 ಕೋಟಿ ರೂಪಾಯಿ. ಹಾಗಿದ್ದೂ ಇದರ ಮಾತು ಎತ್ತುತ್ತಿರುವುದೇಕೆಂದರೆ, ಇಂಥ ನಿಧಿ ಇಂದು ಚಿಕ್ಕದಿದ್ದರೂ ಕೇಳುವ ದಾಖಲೆಗಳ ರೀತಿ ಮುಂದಿನ ಎಲ್ಲ ನಿಧಿಗಳಿಗೂ ಮಾದರಿಯಾಗುತ್ತದೆ. ಆ ದಾಖಲೆ ನಮ್ಮ ಹತ್ತಿರ ಇಲ್ಲ.

ಪ್ರವಾಹ ಇಳಿದ ಮೇಲೆ ತಲಾಟಿ, ಎಂಜಿನಿಯರು, ಪಿಡಿಒ ಕೂಡಿ ಮಾಡುವ ಪಂಚನಾಮೆಯನ್ನು ಎದುರಿಗಿಟ್ಟುಕೊಳ್ಳಿ. ಹೆಸರು, ಆಧಾರ್, ಬ್ಯಾಂಕ್ ಖಾತೆ, ಉತಾರದ ಸರ್ವೆ ನಂಬರು, ಮನೆ ಎ ವರ್ಗವೋ ಬಿ ವರ್ಗವೋ ಸಿ ವರ್ಗವೋ (ಎ ಎಂದರೆ ಅತಿ ಹೆಚ್ಚು ಹಾನಿ, ಸಿ ಎಂದರೆ ಅಲ್ಪ ಹಾನಿ), ಯಾವ ಬೆಳೆ ಎಷ್ಟು ಎಕರೆ, ಸತ್ತ ದನಕರು. ಇಷ್ಟಕ್ಕೆ ಮುಗಿಯಿತು. ನೀರು ಗೋಡೆಯ ಮೇಲೆ ಎಷ್ಟು ಅಡಿ ಏರಿತ್ತು, ಎಷ್ಟು ತಾಸು ನಿಂತಿತ್ತು, ಆ ಹೊತ್ತಿಗೆ ಮೇಲಿನ ಅಣೆಕಟ್ಟೆಯಿಂದ ಎಷ್ಟು ಕ್ಯುಸೆಕ್ ಹೊರಬಿಟ್ಟಿದ್ದರು, ಹತ್ತಿರದ ಮಳೆಮಾಪಕ ಏನು ತೋರಿಸಿತ್ತು ಎಂಬುದಕ್ಕೆ ಕಾಲಮ್ಮೇ ಇಲ್ಲ. ಪಂಚನಾಮೆ ಪರಿಹಾರ ಹಂಚಲು ಮಾಡಿದ ಕಾಗದ, ಹಾನಿ ಅಳೆಯಲು ಮಾಡಿದ್ದಲ್ಲ. ಜಗಳವೂ ವರ್ಗದ ಸುತ್ತಲೇ ನಡೆಯುತ್ತದೆ: ಬಿ ಬರೆದದ್ದನ್ನು ಎ ಮಾಡಿಸುವ ಓಡಾಟ.

ರಾಮದುರ್ಗದಂಥ ಊರಿನ ಕುಣಿಮಗ್ಗವನ್ನೇ ತಗೊಳ್ಳಿ. ಮನೆಯೊಳಗೆ ನೆಲದಲ್ಲಿ ತಗ್ಗು ತೋಡಿ ಮಗ್ಗ ಕೂಡಿಸಿರುತ್ತಾರೆ. ನೇಕಾರ ಕಾಲು ಇಳಿಬಿಟ್ಟು ತುಳಿಯುವುದು ಆ ತಗ್ಗಿನಲ್ಲಿ. ಹೊಳೆನೀರು ಹೊಸ್ತಿಲು ದಾಟಿ ಒಂದು ಗೇಣು ಬಂದರೂ ತಗ್ಗು ತುಂಬುತ್ತದೆ. ಗೋಡೆ ನಿಂತೇ ಇರುತ್ತದೆ, ಹಾಗಾಗಿ ಮನೆ ಸಿ ವರ್ಗಕ್ಕೂ ಬರದೇ ಹೋಗಬಹುದು. ಆದರೆ ಮಗ್ಗದ ಮೇಲಿದ್ದ ಹಾಸು ಕೆಟ್ಟಿರುತ್ತದೆ, ಗಂಜಿ ಕುಡಿದ ನೂಲು ಬೂಷ್ಟು ಹಿಡಿದಿರುತ್ತದೆ, ಕಟ್ಟಿಗೆ ಉಬ್ಬಿ ಜೋಡಣೆ ತಪ್ಪಿರುತ್ತದೆ. ತಗ್ಗಿನ ಹಸಿ ಆರುವವರೆಗೆ ಕೂಡ್ರಲು ಬರುವುದಿಲ್ಲ. ಅಷ್ಟು ದಿನದ ಕೂಲಿ ಯಾವ ಕಾಲಮ್ಮಿನಲ್ಲೂ ಇಲ್ಲ. 2022–26ರ ನಿಯಮಗಳಲ್ಲಿ ಕುಶಲಕರ್ಮಿಯ ಹಾಳಾದ ಉಪಕರಣಕ್ಕೆ 5,000, ಕಚ್ಚಾಮಾಲಿಗೆ 5,000 ರೂಪಾಯಿ ಇದೆ. ಕೇಳಬಹುದೆಂದು ಗೊತ್ತಿರುವವರು ಕಡಿಮೆ. ಹೊಲದ ಮಾತೂ ಹೀಗೇ. ಮೂರು ಇಂಚಿಗಿಂತ ದಪ್ಪ ಹೂಳು ಬಿದ್ದರೆ ತೆಗೆಸಲು ಅದೇ ನಿಯಮಗಳಲ್ಲಿ ಹೆಕ್ಟೇರಿಗೆ 18,000 ರೂಪಾಯಿ ನೆರವಿದೆ. ಅಳತೆಪಟ್ಟಿ ಒಯ್ದು ಹೂಳಿನ ದಪ್ಪ ಬರೆದುಕೊಂಡ ಪಂಚನಾಮೆ ಸಿಕ್ಕರೆ ನಮಗೂ ತೋರಿಸಿ.

ಇನ್ನೊಂದು ಕಹಿ ಮಾತು. ಬಂದ ಪ್ರವಾಹವನ್ನೆಲ್ಲ ಹವಾಮಾನ ಬದಲಾವಣೆಯ ತಲೆಗೆ ಕಟ್ಟಿದರೆ ಅರ್ಜಿ ಮೊದಲ ಪರಿಶೀಲನೆಯಲ್ಲೇ ಬಿದ್ದುಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದ್ದಕ್ಕೆ ಮೂರು ಕಾರಣ ಕೂಡಿದ್ದವು. ಖಾನಾಪುರದ ಕಡೆ ಸುರಿದ ವಿಪರೀತ ಮಳೆ ಒಂದು. ನವಿಲುತೀರ್ಥದ ಅಣೆಕಟ್ಟೆ ಕೆಲವೇ ದಿನಗಳಲ್ಲಿ ತುಂಬಿ ಒಮ್ಮೆಲೇ ನೀರು ಬಿಡಬೇಕಾದದ್ದು ಇನ್ನೊಂದು. ಅಣೆಕಟ್ಟೆಯ ಕೆಳಗೆ ವರ್ಷಾನುಗಟ್ಟಲೆ ಸರಿಯಾಗಿ ನೀರು ಹರಿಯದೆ ಹೊಳೆಯ ಪಾತ್ರವೇ ಕಿರಿದಾಗಿ, ಕಬ್ಬು ಮತ್ತು ಜಾಲಿ ಅದರೊಳಕ್ಕೆ ಇಳಿದದ್ದು ಮೂರನೆಯದು. ಮೊದಲನೆಯದಕ್ಕೆ ಜಗತ್ತನ್ನು ಕೇಳಬಹುದು, ಉಳಿದೆರಡಕ್ಕೆ ನಮ್ಮನ್ನೇ ಕೇಳಿಕೊಳ್ಳಬೇಕು. ಮೂರನ್ನೂ ಬೇರ್ಪಡಿಸಿ ತೋರಿಸಲು ಬೇಕಾದದ್ದು ಗಂಟೆಗಂಟೆಯ ಒಳಹರಿವು-ಹೊರಹರಿವು, ಮಳೆಮಾಪಕಗಳ ಅಂಕಿ, ಹೊಳೆಪಾತ್ರದ ಹಳೆಯ ಮತ್ತು ಹೊಸ ಸರ್ವೆ. ಮೂರೂ ಬೇರೆ ಬೇರೆ ಇಲಾಖೆಗಳ ಕಪಾಟುಗಳಲ್ಲಿವೆ. ಒಂದೇ ನಕ್ಷೆಯ ಮೇಲೆ ಕೂಡಿಸಿದರೆ ಒತ್ತುವರಿ ಬಯಲಾಗುತ್ತದೆ ಎಂಬ ಅಂಜಿಕೆ ಇದ್ದವರೂ ಇರಬಹುದು.

ವಿಜಯಪುರದ ಬರ ಇದಕ್ಕಿಂತ ಕಷ್ಟದ ಪ್ರಕರಣ, ಯಾಕೆಂದರೆ ಅದು ಸದ್ದಿಲ್ಲದೆ ಬರುತ್ತದೆ. ಕೇಂದ್ರದ ಬರ ಕೈಪಿಡಿ ಮೊದಲು ಮಳೆಯ ಕೊರತೆ ಮತ್ತು ಮಳೆ ಬಿಡುವು ನೋಡುತ್ತದೆ, ಆಮೇಲೆ ಬಿತ್ತನೆ, ಬೆಳೆಯ ಹಸಿರು, ಮಣ್ಣಿನ ತೇವ, ಜಲಾಶಯ-ಅಂತರ್ಜಲ. ಕೊನೆಗೆ ಶೇ 10ರಷ್ಟು ಹಳ್ಳಿಗಳಲ್ಲಿ ಹೊಲ ಪರಿಶೀಲನೆ. 'ತೀವ್ರ' ಎಂದು ಬಂದರಷ್ಟೇ ರಾಷ್ಟ್ರೀಯ ನಿಧಿಯ ಬಾಗಿಲು ತೆರೆಯುತ್ತದೆ. ಹಿಂಗಾರಿ ಬಿಳಿಜೋಳ ನಿಲ್ಲುವುದು ಸೆಪ್ಟೆಂಬರ್-ಅಕ್ಟೋಬರ್‌ನ ಮಳೆ ಎರೆಭೂಮಿಯಲ್ಲಿ ಬಿಟ್ಟು ಹೋದ ತೇವದ ಮೇಲೆ. ಆ ಮಳೆ ನಾಲ್ಕು ದಿನಗಳಲ್ಲಿ ಕೊಡಪಾನ ಸುರಿದಂತೆ ಬಂದು ಹೋದರೆ ತಿಂಗಳ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಹೊಲ ಮಾತ್ರ ತೆನೆ ಕಟ್ಟುವ ಹೊತ್ತಿಗೆ ಬಿರಿಯುತ್ತದೆ. ನಿಂಬೆ, ದ್ರಾಕ್ಷಿ, ದಾಳಿಂಬೆಗಳ ಹವಾಮಾನ ಆಧಾರಿತ ವಿಮೆಯಲ್ಲಿ ರೈತ ವಿಮಾ ಮೊತ್ತದ ಶೇ 5 ಕಟ್ಟುತ್ತಾನೆ. ಪರಿಹಾರ ತೀರ್ಮಾನವಾಗುವುದು ತೋಟದ ಸ್ಥಿತಿಯಿಂದಲ್ಲ, ನಿಗದಿಯಾದ ಮಾಪಕ ಕೇಂದ್ರದ ಅಂಕಿಯಿಂದ. ಮಾಪಕದ ಬ್ಯಾಟರಿ ಸತ್ತರೆ, ಅದರ ಮೇಲೆ ಮರದ ಟೊಂಗೆ ಚಾಚಿದರೆ, ತೋಟಗಾರನ ಹಣೆಬರಹವನ್ನು ಪಕ್ಕದ ಕೇಂದ್ರ ಬರೆಯುತ್ತದೆ. ಶಾಸಕರ ನಿಧಿಯಲ್ಲಿ ಹೈಮಾಸ್ಟ್ ದೀಪ ಹಾಕಿಸುವವರು ತಮ್ಮ ಕ್ಷೇತ್ರದ ಪ್ರತಿ ಪಂಚಾಯತಿಯ ಮಳೆಮಾಪಕ ಓಡುತ್ತಿದೆಯೇ ಎಂದು ಒಮ್ಮೆ ನೋಡಿಸಲಿ. ಖರ್ಚು ಬಹಳಿಲ್ಲ.

ಫೌಂಡ್ರಿಗಳ ವಿಷಯ ತುರ್ತಿನದು. ಯುರೋಪ್ ಒಕ್ಕೂಟದ ಗಡಿ ಇಂಗಾಲ ತೆರಿಗೆ (ಆಮದಾಗುವ ಸರಕು ತಯಾರಾಗುವಾಗ ಹೊರಬಿದ್ದ ಇಂಗಾಲದ ಮೇಲೆ ಹಾಕುವುದು) 2026ರ ಜನವರಿ 1ರಿಂದ ಪೂರ್ಣ ಜಾರಿ, ಅದನ್ನು ತೀರಿಸಲು ಆಮದುದಾರ ಕೊಳ್ಳಬೇಕಾದ ಆ ವರ್ಷದ ಸರಕಿನ ಪ್ರಮಾಣಪತ್ರಗಳ ಮಾರಾಟ 2027ರ ಫೆಬ್ರುವರಿಯಿಂದ. ಎಲ್ಲ ಎರಕಕ್ಕೂ ಇದು ಅನ್ವಯಿಸುವುದಿಲ್ಲ. ಪೈಪ್ ಫಿಟ್ಟಿಂಗ್‌ಗಳ 7307, ಬೋಲ್ಟ್-ನಟ್‌ಗಳ 7318, ಇತರ ಕಬ್ಬಿಣ ಸಾಮಾನುಗಳ 7326 ಶೀರ್ಷಿಕೆಗಳು (ಕಸ್ಟಮ್ಸ್ ಸಂಕೇತಗಳು) ಮೊದಲ ಪಟ್ಟಿಯಲ್ಲಿವೆ, ಇತರ ಎರಕದ ಸಾಮಾನುಗಳ 7325 ಇಲ್ಲ. ಅದೇ ಎರಕ ಯಂತ್ರದ ಬಿಡಿಭಾಗವೆಂದು 84ನೇ ಅಧ್ಯಾಯದಡಿ ಹೋದರೆ ಸದ್ಯಕ್ಕೆ ತೆರಿಗೆ ಇಲ್ಲ, ಆದರೆ ಕೆಳಹಂತದ ಸರಕುಗಳಿಗೂ ಹಬ್ಬಿಸುವ ಪ್ರಸ್ತಾವ ಬಂದಾಗಿದೆ. ಅಲ್ಲಿಯ ಒಬ್ಬ ಆಮದುದಾರ ವರ್ಷಕ್ಕೆ ಒಟ್ಟು 50 ಟನ್ ಮೀರದಿದ್ದರೆ ವಿನಾಯಿತಿ ಇದೆ. ಕಬ್ಬಿಣದ ಸರಕಿಗೆ ಸದ್ಯ ನೇರ ಹೊರಸೂಸುವಿಕೆ ಮಾತ್ರ ಲೆಕ್ಕ. ಹಾಗಾಗಿ ಇಂಡಕ್ಷನ್ ಕುಲುಮೆಯ ಕರೆಂಟು ಲೆಕ್ಕಕ್ಕಿಲ್ಲ, ಕ್ಯುಪೋಲಾ ಕುಲುಮೆಯಲ್ಲಿ ಉರಿಸುವ ಕೋಕ್ ಲೆಕ್ಕಕ್ಕಿದೆ. ಕುಲುಮೆಗೆ ಹಾಕುವ ಸ್ಕ್ರ್ಯಾಪ್ ಸೊನ್ನೆ, ಕೊಂಡು ತಂದ ಪಿಗ್ ಐರನ್ (ಅದಿರಿನಿಂದ ತೆಗೆದ ಕಚ್ಚಾ ಕಬ್ಬಿಣ) ತನ್ನ ಬೆನ್ನ ಮೇಲೆ ಟನ್ನಿಗೆ 2 ಟನ್ ಆಚೀಚೆ ಇಂಗಾಲದ ಡೈಆಕ್ಸೈಡ್ ಹೊತ್ತು ಬರುತ್ತದೆ. ಆದ್ದರಿಂದ ಪ್ರತಿ ಹೀಟಿನ (ಒಂದು ಸಲ ಲೋಹ ಕರಗಿಸುವುದರ) ಲಾಗ್‌ಶೀಟಿನಲ್ಲಿ ಸ್ಕ್ರ್ಯಾಪ್, ಪಿಗ್ ಐರನ್, ರನ್ನರ್-ರೈಸರ್ ವಾಪಸಾತಿ (ಎರಕದಿಂದ ಕತ್ತರಿಸಿ ಮತ್ತೆ ಕರಗಿಸುವ ಲೋಹ) ಎಷ್ಟೆಷ್ಟು ಕಿಲೋ, ಕರಗಿದ ಲೋಹ ಸುರಿಯುವ ಲೇಡಲ್ ಕಾಯಿಸಲು ಎಷ್ಟು ಗ್ಯಾಸು-ಡೀಸೆಲ್ ಎಂದು ಬೇರೆ ಬೇರೆ ಬರೆಯಬೇಕು, ಪಿಗ್ ಐರನ್ ಮಾರುವವರಿಂದ ಹೊರಸೂಸುವಿಕೆಯ ಪತ್ರ ಪಡೆಯಬೇಕು. ಇಲ್ಲದಿದ್ದರೆ ಯುರೋಪ್ ತಾನೇ ನಿಗದಿ ಮಾಡಿದ ದುಬಾರಿ ಅಂಕಿ ಹಾಕಿಕೊಳ್ಳುತ್ತದೆ. ಹತ್ತು-ಹದಿನೈದು ಜನ ದುಡಿಯುವ ಘಟಕ ಇದಕ್ಕೆ ಸಲಹೆಗಾರನನ್ನು ಇಟ್ಟುಕೊಳ್ಳಲಾರದು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇದನ್ನು ಬಲ್ಲ ಒಬ್ಬ ಅಧಿಕಾರಿ, ಕನ್ನಡ-ಮರಾಠಿಯಲ್ಲಿ ಒಂದು ಲಾಗ್‌ಶೀಟ್ ಮಾದರಿ ಸಾಕು. ತೆರಿಗೆ ನ್ಯಾಯವೋ ಅನ್ಯಾಯವೋ ಎಂಬ ವಾದವನ್ನು ದಿಲ್ಲಿ ಮಾಡಲಿ; ಆರ್ಡರು ಕಳೆದುಕೊಳ್ಳುವವರು ಇಲ್ಲಿಯವರು.

ಕಬ್ಬಿನ ಬಗ್ಗೆ ಒಂದೇ ಮಾತು. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆತದ್ದು ಇಂಗಾಲದ ಲೆಕ್ಕದಲ್ಲಿ ಸಾಧನೆ. ಅದೇ ಕಬ್ಬು ವರ್ಷಕ್ಕೆ 1,500ರಿಂದ 2,500 ಮಿಲಿಮೀಟರ್ ನೀರು ಬೇಡುವುದು ಯಾವ ಲೆಕ್ಕದಲ್ಲೂ ಇಲ್ಲ. ಕಾರ್ಖಾನೆ ಮಾಲೀಕರೇ ಜನಪ್ರತಿನಿಧಿಗಳಾಗಿರುವ ನಾಡಿನಲ್ಲಿ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಹವಾಮಾನಕ್ಕೆ ಹೊಂದಿಕೊಳ್ಳುವ ಕೆಲಸ ಎಷ್ಟಾಯಿತೆಂದು ಅಳೆಯಲು ಬೆಲೆಮ್‌ನಲ್ಲಿ ಒಪ್ಪಿದ 59 ಸೂಚಕಗಳಿವೆ. ತಜ್ಞರು ಸಾವಿರಾರು ಸೂಚಕಗಳನ್ನು ಸೋಸಿ 100ಕ್ಕೆ ಇಳಿಸಿದ್ದರು, ರಾಜತಾಂತ್ರಿಕರು ಕೊನೆಯ ದಿನಗಳಲ್ಲಿ ಕತ್ತರಿ ಆಡಿಸಿ 59 ಮಾಡಿದರು. ಕೆಲವು ಅಳೆಯಲಾಗದಷ್ಟು ಸಡಿಲಾಗಿವೆ, ಯಾವ ದೇಶಕ್ಕೂ ಕಡ್ಡಾಯವಿಲ್ಲ. ಆದರೂ ನೀರು, ಕೃಷಿ, ಆರೋಗ್ಯ, ಮುನ್ನೆಚ್ಚರಿಕೆಯ ಸೂಚಕಗಳಲ್ಲಿ ನಮ್ಮ ಮೂರು ಜಿಲ್ಲೆಗಳಿಗೆ ಹೊಂದುವ ಏಳೆಂಟನ್ನು ಆರಿಸಿ ತಾಲ್ಲೂಕುವಾರು ಅಂಕಿ ತುಂಬಲು ಅಡ್ಡಿಯಿಲ್ಲ. ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯಡಿಯ ಹಸಿರು ಹವಾಮಾನ ನಿಧಿಗೆ ಸರಳ ವಿಧಾನದಲ್ಲಿ 2.5 ಕೋಟಿ ಡಾಲರ್‌ವರೆಗಿನ ಯೋಜನೆ ಸಲ್ಲಿಸಬಹುದು. ನಬಾರ್ಡ್ ಆ ನಿಧಿಯ ಮಾನ್ಯತೆ ಪಡೆದ ಸಂಸ್ಥೆ. ಮೊದಲು ಪರಿಕಲ್ಪನಾ ಟಿಪ್ಪಣಿ, ಕೇಂದ್ರ ಪರಿಸರ ಸಚಿವಾಲಯದ ನಿರಾಕ್ಷೇಪಣೆ ಪತ್ರ, ಪೂರ್ಣ ಪ್ರಸ್ತಾವ, ಸ್ವತಂತ್ರ ತಾಂತ್ರಿಕ ಸಮಿತಿಯ ಪರಿಶೀಲನೆ, ಆಮೇಲೆ ಮಂಡಳಿ. ಅರ್ಜಿಗಳು ಮುಗ್ಗರಿಸುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ಕೇಳುತ್ತಿರುವ ಕೆಲಸ ಹವಾಮಾನ ಬದಲಾವಣೆಗೋ ಸಾಮಾನ್ಯ ಅಭಿವೃದ್ಧಿಗೋ ಎಂಬುದನ್ನು ದೀರ್ಘಾವಧಿಯ ಅಂಕಿಗಳಿಂದ ತೋರಿಸಲಾಗದೆ. ಹಾನಿಯ ಲೆಕ್ಕ ಸರಿಯಿದ್ದರೆ ಆ ಅರ್ಧ ಕೆಲಸ ಆಗಿರುತ್ತದೆ.

ಮುಂದಿನ ಸಮ್ಮೇಳನ 2026ರ ನವೆಂಬರ್‌ನಲ್ಲಿ ಟರ್ಕಿಯ ಅಂತಾಲ್ಯದಲ್ಲಿ. ಅದಕ್ಕಿಂತ ಮುಂಚೆ ಒಂದು ಮಳೆಗಾಲ ಇದೆ. ಆ ಮಳೆಗಾಲಕ್ಕೆ ಪಂಚನಾಮೆಯ ನಮೂನೆಗೆ ಆರು ಕಾಲಮ್ಮು ಸೇರಿಸಲು ಕಂದಾಯ ಇಲಾಖೆಯ ಒಂದು ಸುತ್ತೋಲೆ ಸಾಕು: ಮನೆಯ ಜಿಪಿಎಸ್ ಬಿಂದು, ಗೋಡೆಯ ಮೇಲೆ ನೀರಿನ ಗುರುತಿನ ಎತ್ತರ, ನೀರು ನಿಂತ ತಾಸು, ಹತ್ತಿರದ ಮಳೆಮಾಪಕದ ಸಂಖ್ಯೆ, ಹೂಳಿನ ದಪ್ಪ, ತಪ್ಪಿದ ದುಡಿಮೆಯ ದಿನ. ಸದನದಲ್ಲಿ ಕೇಳಲು ಒಂದು ಪ್ರಶ್ನೆಯನ್ನೂ ಬರೆದು ಕೊಡುತ್ತಿದ್ದೇವೆ, ಯಾವ ಪಕ್ಷದವರಾದರೂ ಎತ್ತಿಕೊಳ್ಳಿ: "2019ರಿಂದ ಈಚೆಗೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಮಾಡಲಾದ ಪ್ರವಾಹ ಮತ್ತು ಬರ ಪಂಚನಾಮೆಗಳ ಸಂಖ್ಯೆ ತಾಲ್ಲೂಕುವಾರು ಎಷ್ಟು, ಅವುಗಳಲ್ಲಿ ಡಿಜಿಟಲ್ ರೂಪದಲ್ಲಿ ಲಭ್ಯವಿರುವವು ಎಷ್ಟು, ಸದರಿ ಅವಧಿಯ ಜಲಾಶಯ ಹೊರಹರಿವು ಹಾಗೂ ಮಳೆಮಾಪಕ ದತ್ತಾಂಶಗಳೊಂದಿಗೆ ಅವುಗಳನ್ನು ಜೋಡಿಸಲಾಗಿದೆಯೇ, ಇಲ್ಲದಿದ್ದಲ್ಲಿ ಯಾವ ದಿನಾಂಕದೊಳಗೆ ಜೋಡಿಸಲಾಗುವುದು?"

ತಮ್ಮ ವಿಶ್ವಾಸಿಗಳು,
ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ನಾಗರಿಕರು